ಬ್ಯಾಲೆಟ್‌ನ ಹತ್ತು ಪ್ರಾಪ್‌ಗಳು: ಎಲ್ಲಕ್ಕೂ ‘ನೋ’ ಹಾಕಿ ಬಂದರೆ ಸಾಕೇ?

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಮೆರಿಕದ ಪೌರತ್ವ ಸಿಕ್ಕ ಮೇಲೆ ಬರುವ ನವೆಂಬರ್‌ನದು ನನ್ನ ಮೊದಲ ಮತದಾನ. ಅಭ್ಯರ್ಥಿಗಳನ್ನು ಹೇಗೋ ಆರಿಸಬಹುದು, ಆದರೆ ಈ ಪ್ರೊಪೊಸಿಷನ್‌ಗಳು (ಪ್ರಾಪ್‌ಗಳು, ಅಂದರೆ ಇಂಥ ಕಾನೂನು ಬೇಕೇ ಬೇಡವೇ ಎಂದು ಮತದಾರರನ್ನೇ ಕೇಳುವ ಪ್ರಶ್ನೆಗಳು) ತಲೆ ಕೆಡಿಸಿಬಿಟ್ಟಿವೆ. ಪಕ್ಕದ ಮನೆಯವರು 2024ರ ಮತದಾರರ ಮಾರ್ಗದರ್ಶಿ ಪುಸ್ತಕ ತೋರಿಸಿದರು. ರಾಜ್ಯದ್ದೇ ಹತ್ತು, ಜೊತೆಗೆ ಊರಿನವು ಬೇರೆ! ನಮ್ಮ ಯಜಮಾನರು “ಅರ್ಥ ಆಗದಿದ್ದರೆ ಎಲ್ಲಕ್ಕೂ ನೋ ಹಾಕು, ಇದ್ದದ್ದು ಇದ್ದ ಹಾಗೇ ಇರುತ್ತೆ” ಅಂತಾರೆ. ಗೆಳತಿಯೊಬ್ಬರು ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿ “ಇದೇ ತರ ಹಾಕಿ” ಅಂದಿದ್ದಾರೆ. ಕೆಲವನ್ನು ಖಾಲಿ ಬಿಟ್ಟರೆ ಇಡೀ ಮತಪತ್ರ ರದ್ದಾಗುತ್ತದೆ ಅಂತಲೂ ಯಾರೋ ಹೆದರಿಸಿದರು. ಶಾಲೆಯ ಬಾಂಡ್‌ಗೆ (ಕಟ್ಟಡಗಳಿಗೆಂದು ಎತ್ತುವ ಸಾಲಕ್ಕೆ) ಯೆಸ್ ಅಂದರೆ ನಮ್ಮ ಮನೆ ತೆರಿಗೆ ಏರುತ್ತದೆಯೇ? ಅಷ್ಟು ದಪ್ಪ ಪುಸ್ತಕದಲ್ಲಿ ಏನನ್ನು ಓದಬೇಕು, ಎಷ್ಟು ಓದಬೇಕು?

ಉತ್ತರ: ಮೊದಲು ಸುಲಭದ್ದನ್ನು ಮುಗಿಸೋಣ. ಖಾಲಿ ಬಿಟ್ಟರೆ ಮತಪತ್ರ ರದ್ದಾಗುವುದಿಲ್ಲ. ಒಂದು ಪ್ರಾಪ್‌ಗೆ ಗುರುತು ಹಾಕದಿದ್ದರೆ ಆ ಒಂದರ ಎಣಿಕೆಯಲ್ಲಿ ಮಾತ್ರ ನೀವಿರುವುದಿಲ್ಲ, ಅಷ್ಟೇ. ಉಳಿದ ಪ್ರಾಪ್‌ಗಳಿಗೂ ಅಭ್ಯರ್ಥಿಗಳಿಗೂ ಹಾಕಿದ ಮತ ಹಾಗೆಯೇ ಲೆಕ್ಕಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯಮಟ್ಟದ ಪ್ರಾಪ್ ಗೆಲ್ಲಬೇಕಾದರೆ, ಆ ಪ್ರಾಪ್‌ಗೆ ಬಿದ್ದ ಮತಗಳಲ್ಲಿ ಯೆಸ್ ಅರ್ಧಕ್ಕಿಂತ ಹೆಚ್ಚಿದ್ದರೆ ಸಾಕು. ಹಾಗಾಗಿ ಇಲ್ಲಿ ಖಾಲಿ ಬಿಡುವುದು ನಿಜವಾಗಿಯೂ ತಟಸ್ಥವಾಗಿರುವುದೇ. ಎಲ್ಲ ರಾಜ್ಯದಲ್ಲೂ ಹೀಗಿಲ್ಲ. ಮಿನೆಸೋಟದಲ್ಲಿ ಸಂವಿಧಾನ ತಿದ್ದುಪಡಿಗೆ, ಆ ಚುನಾವಣೆಯಲ್ಲಿ ಮತ ಹಾಕಿದ ಎಲ್ಲರ ಪೈಕಿ ಬಹುಮತ ಬೇಕು. ಅಲ್ಲಿ ಖಾಲಿ ಬಿಟ್ಟದ್ದು ನೋಗೆ ಸಮ.

ಇನ್ನು ನಿಮ್ಮ ಯಜಮಾನರ ಸೂತ್ರ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅದರಲ್ಲಿ ಅರ್ಧ ನಿಜವಿದೆ. ಸಹಿ ಸಂಗ್ರಹಿಸಿ ತಂದ ಪ್ರಾಪ್ ಒಮ್ಮೆ ಸೋತರೆ ಮತ್ತೆ ಬರಬಹುದು, ಬರುತ್ತಲೇ ಇರುತ್ತದೆ ಕೂಡ. ಡಯಾಲಿಸಿಸ್ ಕೇಂದ್ರಗಳ ಮೇಲಿನ ಪ್ರಾಪ್ 2018, 2020, 2022ರಲ್ಲಿ ಮೂರು ಸಲ ಬಂದು ಮೂರು ಸಲವೂ ಬಿತ್ತು. ಬಾಡಿಗೆ ನಿಯಂತ್ರಣದ್ದೂ 2018, 2020, 2024ರಲ್ಲಿ ಅದೇ ಕಥೆ. ಆದರೆ ಒಮ್ಮೆ ಗೆದ್ದದ್ದನ್ನು ತೆಗೆಯುವುದು ಬಲು ಕಷ್ಟ. 1978ರಲ್ಲಿ ಗೆದ್ದ ಪ್ರಾಪ್ 13 ಮನೆ ತೆರಿಗೆಗೆ ಹಾಕಿದ ಮಿತಿ ಇವತ್ತಿಗೂ ಇದೆ. ವಾಣಿಜ್ಯ ಕಟ್ಟಡಗಳ ಮಟ್ಟಿಗೆ ಅದನ್ನು ಸಡಿಲಿಸಲು 2020ರಲ್ಲಿ ಬಂದ ಪ್ರಾಪ್ 15 ಸೋತಿತು. ಸೋತದ್ದಕ್ಕೆ ಇನ್ನೊಂದು ಅವಕಾಶವುಂಟು, ಗೆದ್ದದ್ದು ಕೂತುಬಿಡುತ್ತದೆ. ಆದ್ದರಿಂದ ಓದಿಯೂ ಅನುಮಾನ ಉಳಿದಿದ್ದರೆ, ಹೊಸ ಕಾನೂನು ತರುವ ಪ್ರಾಪ್‌ಗೆ ನೋ ಹಾಕುವುದು ತಪ್ಪಲ್ಲ.

ಸೂತ್ರ ಕೈಕೊಡುವುದು ಎರಡು ಕಡೆ.

ಒಂದು, ರೆಫರೆಂಡಮ್. ಶಾಸನಸಭೆ ಒಂದು ಕಾಯ್ದೆ ಮಾಡುತ್ತದೆ, ಗವರ್ನರ್ ಸಹಿ ಹಾಕುತ್ತಾರೆ. ಅದು ಬೇಡವೆನ್ನುವವರು 90 ದಿನದೊಳಗೆ ಸಾಕಷ್ಟು ಸಹಿ ತಂದರೆ ಕಾಯ್ದೆ ಜಾರಿಯಾಗದೆ ನಿಂತು, ತೀರ್ಮಾನ ಜನರ ಮುಂದೆ ಬರುತ್ತದೆ. 2023ರಲ್ಲಿ ನಿಯಮ ಬದಲಾಗುವ ತನಕ ಇಲ್ಲಿ ಯೆಸ್ ಎಂದರೆ ‘ಆ ಕಾಯ್ದೆ ಇರಲಿ’ ಎಂದಾಗಿತ್ತು. ಅರ್ಜಿಗೆ ಸಹಿ ಹಾಕಿದವರ ಪರ ಎಂದಲ್ಲ. ಈಗ ಮತಪತ್ರದಲ್ಲಿ ಯೆಸ್, ನೋ ಬದಲು ‘ಕಾಯ್ದೆ ಇರಲಿ’ (ಕೀಪ್ ದ ಲಾ), ‘ಕಾಯ್ದೆ ರದ್ದಾಗಲಿ’ (ಓವರ್‌ಟರ್ನ್ ದ ಲಾ) ಎಂದೇ ಇರುತ್ತದೆ. 2018ರಲ್ಲಿ, ಹಣ ಕಟ್ಟಿ ಜಾಮೀನು ಪಡೆಯುವ ಪದ್ಧತಿಯನ್ನೇ ತೆಗೆಯಲು ಎಸ್‌ಬಿ 10 ಎಂಬ ಕಾಯ್ದೆ ಆಯಿತು. ಜಾಮೀನು ಬಾಂಡ್ ವ್ಯಾಪಾರದವರು ಸಹಿ ಮಾಡಿಸಿ ಅದನ್ನು ತಡೆದರು. 2020ರಲ್ಲಿ ಅದು ಪ್ರಾಪ್ 25 ಆಗಿ ಬಂತು. ಯೆಸ್ ಹಾಕಿದವರು ಹಣದ ಜಾಮೀನು ಹೋಗಲಿ ಎಂದರು, ನೋ ಹಾಕಿದವರು ಅದು ಉಳಿಯಲಿ ಎಂದರು. ನೋ ಗೆದ್ದಿತು, ಕಾಯ್ದೆ ಸತ್ತಿತು. ಅರ್ಜಿ ತಂದವರೇ ‘ನೋ ಹಾಕಿ’ ಎಂದು ಪ್ರಚಾರ ಮಾಡುವುದು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಆಗಿನ ರೆಫರೆಂಡಮ್‌ನಲ್ಲಿ ಅದೇ ಸಹಜವಾಗಿತ್ತು. ಇಂಥದ್ದಕ್ಕೆ ಅರ್ಥವಾಗದೆ ‘ರದ್ದಾಗಲಿ’ ಎಂದರೆ, ಎರಡೂ ಸದನ ಒಪ್ಪಿದ ಕಾಯ್ದೆಯೊಂದನ್ನು ನೀವು ಕಣ್ಣು ಮುಚ್ಚಿ ರದ್ದು ಮಾಡಿದಂತೆ. ಅದಕ್ಕಿಂತ ಖಾಲಿ ಬಿಡುವುದು ಮೇಲು.

ಎರಡು, ಮುಗಿಯಲಿರುವ ತೆರಿಗೆಯ ಮುಂದುವರಿಕೆ. 2012ರ ಪ್ರಾಪ್ 30, ಹೆಚ್ಚು ಸಂಪಾದಿಸುವವರ ಆದಾಯ ತೆರಿಗೆಯನ್ನು 2018ರ ತನಕ ಏರಿಸಿತ್ತು. 2016ರ ಪ್ರಾಪ್ 55 ಅದನ್ನು 2030ರ ತನಕ ಎಳೆಯಿತು. ಅವತ್ತು ನೋ ಗೆದ್ದಿದ್ದರೆ ‘ಇದ್ದದ್ದು ಇದ್ದ ಹಾಗೇ’ ಇರುತ್ತಿರಲಿಲ್ಲ. ಶಾಲೆಗಳಿಗೆ ಬರುತ್ತಿದ್ದ ದುಡ್ಡು ನಿಲ್ಲುತ್ತಿತ್ತು. ಊರಿನ ಶಾಲೆಗಳಿಗೆಂದು ಪ್ರತಿ ನಿವೇಶನದ ಮೇಲೆ ಹಾಕುವ ಪಾರ್ಸೆಲ್ ತೆರಿಗೆಗಳಲ್ಲಿ ಇದು ಇನ್ನೂ ಸಾಮಾನ್ಯ. ‘ಮುಂದುವರಿಸುವುದು’, ‘ನವೀಕರಿಸುವುದು’ ಎಂಬ ಅರ್ಥದ ಮಾತು ಕಂಡರೆ, ನೋ ಹಾಕಿದರೆ ಏನು ನಿಲ್ಲುತ್ತದೆ ಎಂದು ನೋಡಿಕೊಳ್ಳಿ.

ಹಾಗಾಗಿ ಪ್ರತಿಯೊಂದಕ್ಕೂ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ನಾನು ಇದರ ಪರವೋ ವಿರೋಧವೋ’ ಎನ್ನುವುದಲ್ಲ. ಯೆಸ್ ಗೆದ್ದರೆ ನಾಳೆ ಯಾವ ಕಾನೂನು ನಡೆಯುತ್ತದೆ, ನೋ ಗೆದ್ದರೆ ಯಾವುದು ನಡೆಯುತ್ತದೆ? ಇದಕ್ಕೆ ಉತ್ತರ ರಾಜ್ಯದ ಮತದಾರರ ಮಾರ್ಗದರ್ಶಿಯ ಆರಂಭದ ಪುಟಗಳಲ್ಲೇ, ಯೆಸ್ ಎಂದರೇನು, ನೋ ಎಂದರೇನು ಎಂದು ಎರಡು ಚಿಕ್ಕ ಪ್ಯಾರಾಗಳಲ್ಲಿ ಇರುತ್ತದೆ. ನಮ್ಮ ಅನೇಕರು ಈ ಪುಟ ಹಾರಿಸಿ ನೇರ ಪರ-ವಿರೋಧದ ವಾದಗಳಿಗೆ ಹೋಗಿ ಸುಸ್ತಾಗುತ್ತಾರೆ.

ಓದುವ ಕ್ರಮ ನನ್ನ ಪ್ರಕಾರ ಹೀಗಿರಲಿ. ಆ ಎರಡು ಪ್ಯಾರಾ ಆದ ಮೇಲೆ ಶೀರ್ಷಿಕೆಯಲ್ಲಿ, ಸಾಮಾನ್ಯವಾಗಿ ಅದರ ಕೊನೆಯಲ್ಲಿ, ಇರುವ ಎರಡು ಮೂರು ಪದಗಳನ್ನು ನೋಡಿ. ಅಲ್ಲಿ ‘ಇನಿಶಿಯೇಟಿವ್ ಸ್ಟ್ಯಾಚ್ಯೂಟ್’, ‘ಇನಿಶಿಯೇಟಿವ್ ಕಾನ್‌ಸ್ಟಿಟ್ಯೂಷನಲ್ ಅಮೆಂಡ್‌ಮೆಂಟ್’, ‘ಲೆಜಿಸ್ಲೇಟಿವ್ ಕಾನ್‌ಸ್ಟಿಟ್ಯೂಷನಲ್ ಅಮೆಂಡ್‌ಮೆಂಟ್’, ‘ರೆಫರೆಂಡಮ್’ ಇಂಥದ್ದೊಂದು ದೊಡ್ಡಕ್ಷರದಲ್ಲಿ ಇರುತ್ತದೆ. ಇನಿಶಿಯೇಟಿವ್ ಎಂದರೆ ಸಹಿ ಸಂಗ್ರಹಿಸಿ ತಂದದ್ದು, ಲೆಜಿಸ್ಲೇಟಿವ್ ಎಂದರೆ ಶಾಸನಸಭೆಯೇ ಜನರ ಮುಂದಿಟ್ಟದ್ದು. ಸ್ಟ್ಯಾಚ್ಯೂಟ್ ಎಂದರೆ ಸಾಧಾರಣ ಕಾನೂನು, ಅಮೆಂಡ್‌ಮೆಂಟ್ ಎಂದರೆ ರಾಜ್ಯ ಸಂವಿಧಾನಕ್ಕೇ ಕೈ. ಸಾಧಾರಣ ಕಾನೂನಾದರೂ, ಜನ ಮತ ಹಾಕಿ ಮಾಡಿದ್ದನ್ನು ಶಾಸನಸಭೆ ತಾನಾಗಿ ತಿದ್ದುವಂತಿಲ್ಲ. ಪ್ರಾಪ್‌ನಲ್ಲೇ ಅನುಮತಿ ಬರೆದಿರಬೇಕು, ಇಲ್ಲವೇ ಮತ್ತೆ ಜನರ ಬಳಿ ಬರಬೇಕು. ಈ ಅನುಮತಿಯ ಷರತ್ತು ಸಾಮಾನ್ಯವಾಗಿ ಪುಸ್ತಕದ ಹಿಂಭಾಗದಲ್ಲಿ, ಕಾನೂನಿನ ಪೂರ್ತಿ ಪಠ್ಯದ ಕೊನೆಗೆ, ಯಾರೂ ಓದದ ಜಾಗದಲ್ಲಿ ಇರುತ್ತದೆ. ಆ್ಯಪ್ ಆಧಾರಿತ ಚಾಲಕರನ್ನು ಸ್ವತಂತ್ರ ಗುತ್ತಿಗೆದಾರರೆಂದು ಉಳಿಸಿದ 2020ರ ಪ್ರಾಪ್ 22, ತನ್ನನ್ನು ತಿದ್ದಲು ಎರಡೂ ಸದನಗಳಲ್ಲಿ ಎಂಟರಲ್ಲಿ ಏಳು ಪಾಲು ಮತ ಬೇಕೆಂದು ಬರೆದುಕೊಂಡಿತ್ತು. ಕಾಗದದ ಮೇಲೆ ಅವಕಾಶ, ನಡೆಯಲ್ಲಿ ಬೀಗ. ಇಂಥ ಷರತ್ತು ಕಂಡರೆ ಅನುಮಾನದ ಪಾಲು ಸ್ವಲ್ಪ ಹೆಚ್ಚಿಸಿಕೊಳ್ಳುವುದು ಒಳ್ಳೆಯದು, ವಿಷಯ ನಿಮಗೆ ಇಷ್ಟವಾದದ್ದೇ ಆಗಿದ್ದರೂ.

ಪಠ್ಯದಲ್ಲಿ ಅಡ್ಡಗೆರೆ ಹೊಡೆದದ್ದು ತೆಗೆಯುವ ಮಾತು, ಓರೆ ಅಕ್ಷರದ್ದು ಹೊಸದಾಗಿ ಸೇರಿಸುವ ಮಾತು. ಪೂರ್ತಿ ಓದಬೇಕಿಲ್ಲ, ಕಣ್ಣಾಡಿಸಿದರೂ ಕಾನೂನು ಎಷ್ಟು ದೊಡ್ಡದು, ಎಲ್ಲಿ ಕೈ ಹಾಕಿದೆ ಎಂದು ತಿಳಿಯುತ್ತದೆ.

ಇದಾದ ಮೇಲೆ ಲೆಜಿಸ್ಲೇಟಿವ್ ಅನಲಿಸ್ಟ್ ಬರೆದ ವಿಶ್ಲೇಷಣೆ. ಪುಸ್ತಕದ ತಿರುಳೆಲ್ಲ ಇರುವುದು ಇಲ್ಲಿ. ಇದು ಪಕ್ಷಾತೀತ ಕಚೇರಿ. ಈಗ ಏನಿದೆ, ಏನು ಬದಲಾಗುತ್ತದೆ, ಖರ್ಚೆಷ್ಟು ಎಂದು ಸರಳ ಇಂಗ್ಲಿಷ್‌ನಲ್ಲಿ ಹೇಳುತ್ತದೆ. ರಾಜ್ಯದ ಮಾರ್ಗದರ್ಶಿ ಹಿಂದಿಯಲ್ಲೂ ಸಿಗುತ್ತದೆ. ಇಂಗ್ಲಿಷ್‌ಗಿಂತ ಹಿಂದಿ ಸಲೀಸೆನ್ನುವ ಹಿರಿಯರು ಮನೆಯಲ್ಲಿದ್ದರೆ ತರಿಸಿಕೊಡಿ. ಶೀರ್ಷಿಕೆ ಮತ್ತು 100 ಪದದೊಳಗಿನ ಸಾರಾಂಶ ಮಾತ್ರ ಅಟಾರ್ನಿ ಜನರಲ್ ಬರೆಯುವುದು. ಅವರು ಚುನಾಯಿತ ರಾಜಕಾರಣಿ, ಪದಗಳ ಆಯ್ಕೆಯ ಬಗ್ಗೆ ಪ್ರತಿ ಸಲ ತಕರಾರು ಇದ್ದದ್ದೇ. ಆದ್ದರಿಂದ ಬರೀ ಶೀರ್ಷಿಕೆ ನೋಡಿ ತೀರ್ಮಾನಿಸಬೇಡಿ.

ಪರ-ವಿರೋಧದ ವಾದಗಳನ್ನು ಕೊನೆಗೆ ಓದಿ. ಸರ್ಕಾರ ಅಚ್ಚು ಹಾಕಿಸಿದೆ ಎಂದ ಮಾತ್ರಕ್ಕೆ ಸರ್ಕಾರ ಅದನ್ನು ಒಪ್ಪಿದೆ ಎಂದಲ್ಲ. ಈ ವಾದಗಳ ಸತ್ಯಾಸತ್ಯವನ್ನು ಯಾವ ಅಧಿಕೃತ ಸಂಸ್ಥೆಯೂ ಪರಿಶೀಲಿಸಿಲ್ಲ ಎಂದು ಅದೇ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ವಾದಕ್ಕಿಂತ, ಅದರ ಕೆಳಗಿನ ಸಹಿಗಳು ಹೆಚ್ಚು ಹೇಳುತ್ತವೆ. ಇನ್ನೊಂದು ಕಡೆಯವರು ವಾದವನ್ನೇ ಕೊಡದಿರುವುದೂ ಉಂಟು. 2024ರ ಪ್ರಾಪ್ 6ಕ್ಕೆ ಮಾರ್ಗದರ್ಶಿಯಲ್ಲಿ ವಿರೋಧದ ವಾದವೇ ಇರಲಿಲ್ಲ. ಕೈದಿಗಳಿಂದ ಬಲವಂತದ ದುಡಿಮೆ ಮಾಡಿಸುವುದನ್ನು ನಿಲ್ಲಿಸುವ ಪ್ರಾಪ್ ಅದು, ಆದರೂ ಸೋತಿತು. ಅದೇ ದಿನ ನೆವಾಡದಲ್ಲಿ ಅದೇ ಬಗೆಯದು ಗೆದ್ದಿತು. ಅಲ್ಲಿನ ಮತಪತ್ರದಲ್ಲಿ ‘ಗುಲಾಮಗಿರಿ’ ಎಂಬ ಪದವಿತ್ತು, ಕ್ಯಾಲಿಫೋರ್ನಿಯಾದ್ದರಲ್ಲಿ ಇರಲಿಲ್ಲ. ಅದೊಂದೇ ಕಾರಣವೆನ್ನಲಾಗದು, ಆದರೆ ಪದಗಳಿಗೆ ತೂಕವಿಲ್ಲ ಎನ್ನುವಂತೆಯೂ ಇಲ್ಲ.

ದುಡ್ಡು ಯಾರದು? ಇದನ್ನು ನೋಡದೆ ಕೆಲವು ಪ್ರಾಪ್‌ಗಳು ಅರ್ಥವೇ ಆಗುವುದಿಲ್ಲ. 1911ರಲ್ಲಿ ಗವರ್ನರ್ ಹೈರಮ್ ಜಾನ್ಸನ್ ಕಾಲದಲ್ಲಿ ಈ ಪದ್ಧತಿ ಬಂದದ್ದೇ, ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿ ರಾಜ್ಯದ ರಾಜಕೀಯವನ್ನು ಜೇಬಿನಲ್ಲಿಟ್ಟುಕೊಂಡಿದೆ ಎಂಬ ಜನರ ಸಿಟ್ಟಿನಿಂದ. ಇವತ್ತು ಅದೇ ಬಾಗಿಲಿನಿಂದ ಕಂಪನಿಗಳೇ ಒಳಗೆ ಬರುತ್ತವೆ. ಈಗ ಸಾಧಾರಣ ಕಾನೂನಿನ ಪ್ರಾಪ್‌ಗೆ 5,46,651, ಸಂವಿಧಾನ ತಿದ್ದುಪಡಿಗೆ 8,74,641 ಸಿಂಧು ಸಹಿ ಬೇಕು, ಅದೂ 180 ದಿನದಲ್ಲಿ. ಅಂಗಡಿ ಮುಂದೆ ಹಲಗೆ ಹಿಡಿದು ನಿಂತವರಿಗೆ ಬಹುಪಾಲು ಸಹಿಗೆ ಇಂತಿಷ್ಟೆಂದು ಸಂದಾಯವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನುಬದ್ಧ. ಪ್ರಾಪ್ 22ರ ಪರ ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮೊದಲಾದವು ಸೇರಿ ಸುರಿದದ್ದು 20 ಕೋಟಿ ಡಾಲರ್‌ಗೂ ಹೆಚ್ಚು.

2024ರ ಪ್ರಾಪ್ 34 ಇದಕ್ಕೆ ಒಳ್ಳೆಯ ಪಾಠ. ಶೀರ್ಷಿಕೆ ಓದಿದರೆ, ಕೆಲವು ಆರೋಗ್ಯ ಸೇವಾ ಸಂಸ್ಥೆಗಳು ಔಷಧಿಯಿಂದ ಬಂದ ಹಣವನ್ನು ಹೇಗೆ ಖರ್ಚು ಮಾಡಬೇಕೆಂಬ ನಿರ್ಬಂಧ. ಯಾರು ಬೇಡವೆಂದಾರು? ಒಳಗಿನ ಷರತ್ತು ನೋಡಿ: ಹತ್ತು ವರ್ಷದಲ್ಲಿ ರೋಗಿಗಳ ನೇರ ಆರೈಕೆ ಬಿಟ್ಟು ಬೇರೆಯದಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡಿರಬೇಕು, ಜೊತೆಗೆ ಗಂಭೀರ ಉಲ್ಲಂಘನೆಗಳಿರುವ ವಸತಿ ಕಟ್ಟಡಗಳನ್ನೂ ನಡೆಸುತ್ತಿರಬೇಕು. ಎರಡೂ ಕೂಡಿ ಬರುವ ಸಂಸ್ಥೆ ಯಾವುದು ಎಂದು ಹುಡುಕಿದವರಿಗೆ ಸಿಕ್ಕ ಹೆಸರು ಏಡ್ಸ್ ಹೆಲ್ತ್‌ಕೇರ್ ಫೌಂಡೇಶನ್, ಅದೇ ಮತಪತ್ರದಲ್ಲಿದ್ದ ಬಾಡಿಗೆ ನಿಯಂತ್ರಣದ ಪ್ರಾಪ್ 33ರ ಮುಖ್ಯ ದಾನಿ. ಪ್ರಾಪ್ 34ರ ಹಿಂದೆ ನಿಂತದ್ದು ಬಾಡಿಗೆ ಕಟ್ಟಡ ಮಾಲೀಕರ ಸಂಘವಾದ ಕ್ಯಾಲಿಫೋರ್ನಿಯಾ ಅಪಾರ್ಟ್‌ಮೆಂಟ್ ಅಸೋಸಿಯೇಶನ್. ಇದನ್ನು ತಿಳಿದೂ ಯೆಸ್ ಹಾಕಬಹುದು, ನೋ ಹಾಕಬಹುದು. ಆ ಸಂಸ್ಥೆಯ ಖರ್ಚಿಗೆ ಕಡಿವಾಣ ಬೇಕೆನ್ನುವುದೂ ಒಂದು ನಿಲುವೇ. ಗೊತ್ತಿಲ್ಲದೆ ಹಾಕುವುದು ಬೇಡ. ಪ್ರಾಪ್ ಅಂತೂ ಅಲ್ಪ ಅಂತರದಲ್ಲಿ ಗೆದ್ದಿತು.

ಮತಪತ್ರದಲ್ಲೇ ಈಗ ಶೀರ್ಷಿಕೆಯ ಕೆಳಗೆ ಬೆಂಬಲಿಗರು, ವಿರೋಧಿಗಳ ಹೆಸರು ಚುಟುಕಾಗಿ ಇರುತ್ತದೆ. ದೊಡ್ಡ ದಾನಿಗಳ ಪಟ್ಟಿ, ಚುನಾವಣಾ ಹಣದ ಮೇಲೆ ಕಣ್ಣಿಡುವ ರಾಜ್ಯದ ಆಯೋಗವಾದ ಎಫ್‌ಪಿಪಿಸಿಯ ಜಾಲತಾಣದಲ್ಲಿ ಸಿಗುತ್ತದೆ. ಸಮಿತಿಗಳ ಹೆಸರು ಎಷ್ಟು ಸಿಹಿಯಾಗಿದ್ದರೂ ದಾನಿಗಳ ಹೆಸರನ್ನೇ ನೋಡಿ.

ವಾಟ್ಸಾಪ್ ಪಟ್ಟಿಯ ಬಗ್ಗೆ ಒಂದೇ ಎಚ್ಚರಿಕೆ: ಅದು ಯಾವ ವರ್ಷದ್ದು? ಪ್ರಾಪ್‌ಗಳ ಸಂಖ್ಯೆ ಹತ್ತು ವರ್ಷಕ್ಕೊಮ್ಮೆ ಮತ್ತೆ 1ರಿಂದ ಶುರುವಾಗುತ್ತದೆ. ಪ್ರಾಪ್ 36 ಎಂಬುದು 2000, 2012, 2024, ಮೂರರಲ್ಲೂ ಇತ್ತು. ಮೊದಲಿನದು ಮಾದಕವಸ್ತು ಇಟ್ಟುಕೊಂಡವರಿಗೆ ಜೈಲಿನ ಬದಲು ಚಿಕಿತ್ಸೆ ಎಂದಿತು, ಎರಡನೆಯದು ‘ಮೂರನೇ ಅಪರಾಧಕ್ಕೆ ಜೀವಾವಧಿ’ ಕಾನೂನನ್ನು ಸಡಿಲಿಸಿತು, 2024ರದು ಕಳ್ಳತನ ಮತ್ತು ಮಾದಕವಸ್ತುವಿನ ಶಿಕ್ಷೆ ಬಿಗಿ ಮಾಡಿತು. ‘36ಕ್ಕೆ ಯೆಸ್’ ಎಂಬ ಹಳೆಯ ಫಾರ್ವರ್ಡ್ ನಿಮ್ಮ ಉದ್ದೇಶಕ್ಕೆ ತದ್ವಿರುದ್ಧ ಮತ ಹಾಕಿಸಬಹುದು. ಅಂಚೆಯಲ್ಲಿ ಬರುವ ಬಣ್ಣದ ಕಾರ್ಡುಗಳೂ ಹಾಗೆಯೇ. ಹೆಸರು ಪಕ್ಷದ್ದೋ ಸರ್ಕಾರದ್ದೋ ಅನ್ನಿಸುವಂತಿರುತ್ತದೆ. ಅಂಥ ಕಾರ್ಡಿನಲ್ಲಿ ಪ್ರಾಪ್ ಪಕ್ಕ ಪುಟ್ಟ ನಕ್ಷತ್ರದ ಗುರುತಿದ್ದರೆ ಆ ಜಾಗಕ್ಕೆ ದುಡ್ಡು ಕೊಟ್ಟಿದ್ದಾರೆ ಎಂದರ್ಥ.

ಈಗ ಶಾಲೆಯ ಬಾಂಡ್. ರಾಜ್ಯದ ಬಾಂಡ್ ಬೇರೆ, ಊರಿನದು ಬೇರೆ. 2024ರ ಪ್ರಾಪ್ 2 ಶಾಲಾ ಕಟ್ಟಡಗಳಿಗೆಂದು 1,000 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಪಡೆಯಿತು. ವಿಶ್ಲೇಷಣೆಯ ಪ್ರಕಾರ ಅದರ ಕಂತು ವರ್ಷಕ್ಕೆ ಸುಮಾರು 50 ಕೋಟಿ, 35 ವರ್ಷ. ಬಡ್ಡಿ ಸೇರಿ ಒಟ್ಟು 1,750 ಕೋಟಿ. ಇದು ರಾಜ್ಯದ ಖಜಾನೆಯಿಂದ ಹೋಗುತ್ತದೆ, ನಿಮ್ಮ ಮನೆ ತೆರಿಗೆಯ ಬಿಲ್ಲಿಗೆ ನೇರವಾಗಿ ಸೇರುವುದಿಲ್ಲ. ಆದರೆ ‘ಹೊಸ ತೆರಿಗೆಯಿಲ್ಲ’ ಎಂಬ ಜಾಹೀರಾತು ಕೇಳಿ ಪುಕ್ಕಟೆ ಎಂದುಕೊಳ್ಳಬೇಡಿ. ಅಷ್ಟು ವರ್ಷ ಅಷ್ಟು ಹಣ ಬೇರೆ ಕೆಲಸಕ್ಕೆ ಸಿಗುವುದಿಲ್ಲ.

ಊರಿನ ಶಾಲಾ ಬಾಂಡ್‌ಗೆ ಸಂಖ್ಯೆಯ ಬದಲು ಅಕ್ಷರವಿರುತ್ತದೆ, ‘ಮೆಷರ್’ ಇಂಥದ್ದು ಎಂದು. ಅದರ ವಿವರ ಕೌಂಟಿ ಕಳಿಸುವ ಬೇರೆ ಪುಸ್ತಕದಲ್ಲಿ ಇರುತ್ತದೆ. ಅದರಲ್ಲಿ ‘ಟ್ಯಾಕ್ಸ್ ರೇಟ್ ಸ್ಟೇಟ್‌ಮೆಂಟ್’ ಎಂಬ ಪುಟ ತೆರೆದು, ಪ್ರತಿ 1 ಲಕ್ಷ ಡಾಲರ್‌ಗೆ ವರ್ಷಕ್ಕೆ ಎಷ್ಟು ಎಂದು ನೋಡಿ. 55 ಶೇಕಡಾ ಮತದಿಂದ ಗೆಲ್ಲುವ ಬಗೆಯ ಬಾಂಡ್ ಆದರೆ, ಯೂನಿಫೈಡ್ ಶಾಲಾ ಜಿಲ್ಲೆಗೆ (ಪ್ರಾಥಮಿಕದಿಂದ ಹೈಸ್ಕೂಲಿನ ತನಕ ಒಂದೇ ಆಡಳಿತವಿರುವುದಕ್ಕೆ) ಒಂದು ಚುನಾವಣೆಯ ಬಾಂಡ್‌ಗೆ ಇದರ ಅಂದಾಜು ಮಿತಿ 60 ಡಾಲರ್. ಲೆಕ್ಕ ಹಾಕಬೇಕಾದ್ದು ಮನೆಯ ಮಾರುಕಟ್ಟೆ ಬೆಲೆಗಲ್ಲ, ತೆರಿಗೆ ಬಿಲ್ಲಿನಲ್ಲಿರುವ ಅಸೆಸ್ಡ್ ಮೌಲ್ಯಕ್ಕೆ. ಅದು 9 ಲಕ್ಷವಿದ್ದರೆ, 60ರ ದರದಲ್ಲಿ ವರ್ಷಕ್ಕೆ 540 ಡಾಲರ್. ಪ್ರಾಪ್ 13ರಿಂದಾಗಿ ಈ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲವಾದ್ದರಿಂದ, ಮೂವತ್ತು ವರ್ಷದ ಹಿಂದೆ ಕೊಂಡ ಪಕ್ಕದ ಮನೆಯವರು ಅದೇ ಶಾಲೆಗೆ ನಿಮ್ಮ ಕಾಲು ಭಾಗವನ್ನೂ ಕೊಡದಿರಬಹುದು. ಹಳೆಯ ಬಾಂಡ್‌ಗಳ ಕಂತು ಇನ್ನೂ ಇದ್ದರೆ ಹೊಸದು ಅದರ ಮೇಲೆ ಕೂರುತ್ತದೆ. ಬಿಲ್ಲಿನ ಸಾಲುಗಳನ್ನು ಒಮ್ಮೆ ಕೂಡಿ ನೋಡಿ. ಪಾರ್ಸೆಲ್ ತೆರಿಗೆಯಲ್ಲಿ ಸಾಮಾನ್ಯವಾಗಿ ಮೌಲ್ಯದ ಲೆಕ್ಕವಿಲ್ಲ, ಒಂದು ನಿವೇಶನಕ್ಕೆ ಇಂತಿಷ್ಟು.

ನಗರ, ಕೌಂಟಿಯ ಬಾಂಡ್‌ಗಳಿಗೆ ಮೂರರಲ್ಲಿ ಎರಡು ಪಾಲು ಮತ ಬೇಕು. ಅದನ್ನು ಕೆಲವದಕ್ಕೆ 55ಕ್ಕೆ ಇಳಿಸಲು 2024ರಲ್ಲಿ ಬಂದ ಪ್ರಾಪ್ 5 ಬಿತ್ತು. ಅಂದರೆ ಇಂಥ ಕಡೆ ನಿಮ್ಮ ಒಂದು ನೋಗೆ ಎರಡು ಯೆಸ್‌ನ ಬಲ.

ಬೇರೆ ರಾಜ್ಯದ ಓದುಗರಿಗೆ ಎರಡು ಮಾತು. ಟೆಕ್ಸಸ್‌ನಲ್ಲಿ ಸಹಿ ಸಂಗ್ರಹದ ಪ್ರಾಪ್‌ಗಳೇ ಇಲ್ಲ. ಶಾಸನಸಭೆ ಕಳಿಸುವ ಸಂವಿಧಾನ ತಿದ್ದುಪಡಿಗಳು ಮಾತ್ರ. 2023ರಲ್ಲಿ 14, 2025ರಲ್ಲಿ 17 ಬಂದಿದ್ದವು. ಫ್ಲೋರಿಡಾದಲ್ಲಿ ತಿದ್ದುಪಡಿಗೆ ಶೇ. 60 ಬೇಕು, 2024ರ ಗರ್ಭಪಾತದ ತಿದ್ದುಪಡಿ ಸುಮಾರು ಶೇ. 57 ಪಡೆದೂ ಸೋತಿತು.

ಕೊನೆಯದಾಗಿ ಮತಪತ್ರ ತುಂಬುವ ಬಗ್ಗೆ. ಭಾರತದಲ್ಲಿ ಬಟನ್ ಒತ್ತಿ ಬಂದರೆ ಮುಗಿಯುತ್ತಿತ್ತು; ಇಲ್ಲಿ ಚುನಾವಣೆಗೆ ಸುಮಾರು ನಾಲ್ಕು ವಾರ ಮುಂಚೆಯೇ ಮತಪತ್ರ ಮನೆಗೆ ಬರುತ್ತದೆ, ಅವಸರವೇನಿಲ್ಲ. ಒಂದು ಹಾಳೆಯಲ್ಲಿ ಯೆಸ್, ನೋ, ಖಾಲಿ ಎಂದು ಬರೆದುಕೊಂಡು ಆಮೇಲೆ ತುಂಬಿ. ಮತಗಟ್ಟೆಗೆ ಹೋದರೂ ಆ ಚೀಟಿ ಒಯ್ಯಬಹುದು. ಕಪ್ಪು ಅಥವಾ ನೀಲಿ ಶಾಯಿ ಇರಲಿ. ಒಂದೇ ಪ್ರಾಪ್‌ಗೆ ಯೆಸ್ ಮತ್ತು ನೋ ಎರಡನ್ನೂ ತುಂಬಿದರೆ ಆ ಪ್ರಾಪ್‌ನ ಮತ ಹೋಯಿತು. ತಪ್ಪಾದರೆ ಗೀಚಿ ಸರಿಪಡಿಸುವ ಬದಲು ಕೌಂಟಿ ಚುನಾವಣಾ ಕಚೇರಿಯಿಂದ ಬೇರೆ ಮತಪತ್ರ ಕೇಳಿ ಪಡೆಯಿರಿ.

ಮನೆಯಲ್ಲಿ ಇಬ್ಬರು ಮತದಾರರಿದ್ದರೆ ಪದೇ ಪದೇ ಆಗುವ ಎಡವಟ್ಟು ಲಕೋಟೆ ಅದಲುಬದಲಾಗುವುದು. ನಿಮ್ಮ ಹೆಸರಿನ ಲಕೋಟೆಗೆ ಯಜಮಾನರ ಸಹಿ ಬಿದ್ದರೆ ದಾಖಲೆಯ ಸಹಿಯೊಂದಿಗೆ ಹೊಂದುವುದಿಲ್ಲ. ಗ್ರೀನ್ ಕಾರ್ಡ್, ಎಚ್-1ಬಿಯಲ್ಲಿರುವ ಮನೆಮಂದಿ ಚರ್ಚೆಯಲ್ಲಿ ಎಷ್ಟು ಬೇಕಾದರೂ ಸೇರಲಿ, ಆದರೆ ಮತದಾರರಾಗಿ ನೋಂದಾಯಿಸಿಕೊಳ್ಳುವುದಾಗಲಿ, ಪ್ರಾಪ್ ಅರ್ಜಿಗೆ ಸಹಿ ಹಾಕುವುದಾಗಲಿ ಬೇಡ. ಅದು ವಲಸೆ ದಾಖಲೆಗೇ ಕುತ್ತು ತರಬಲ್ಲ ತಪ್ಪು.

ಅಂಚೆಗೆ ಹಾಕುವುದಾದರೆ ಸ್ಟ್ಯಾಂಪ್ ಬೇಡ. ಚುನಾವಣೆಯ ದಿನದೊಳಗಿನ ಅಂಚೆ ಮೊಹರಿರಬೇಕು, ಏಳು ದಿನದೊಳಗೆ ತಲುಪಬೇಕು. ಆದರೆ ಡಬ್ಬಿಗೆ ಹಾಕಿದ ದಿನವೇ ಮೊಹರು ಬೀಳುತ್ತದೆಂಬ ಖಾತ್ರಿಯಿಲ್ಲ. ಕೊನೆಯ ವಾರವಾದರೆ ಕೌಂಟಿಯ ಡ್ರಾಪ್ ಬಾಕ್ಸ್‌ಗೇ ಹಾಕಿ, ಚುನಾವಣೆಯ ದಿನ ರಾತ್ರಿ 8ರೊಳಗೆ. ‘ವೇರ್ಸ್ ಮೈ ಬ್ಯಾಲೆಟ್’ ಎಂಬ, ಮತಪತ್ರದ ಜಾಡು ಹಿಡಿಯುವ ರಾಜ್ಯದ ಸೇವೆಯಲ್ಲಿ ಮೊದಲೇ ಹೆಸರು ಕೊಟ್ಟಿಟ್ಟರೆ ಮತಪತ್ರ ತಲುಪಿದ್ದೂ ಎಣಿಕೆಯಾದದ್ದೂ ಫೋನಿಗೆ ಸಂದೇಶವಾಗಿ ಬರುತ್ತದೆ. ಸಹಿ ಹೊಂದಲಿಲ್ಲವೆಂದು ಕೌಂಟಿಯಿಂದ ಪತ್ರ ಬಂದರೆ ಅದರ ಜೊತೆಗಿರುವ ನಮೂನೆಗೆ ಸಹಿ ಹಾಕಿ ಗಡುವಿನೊಳಗೆ ವಾಪಸ್ ಕಳಿಸಿ, ಮತ ಉಳಿಯುತ್ತದೆ.